ಹದಿಮೂರನೇ ಹಂತ ಮತ್ತು ಕಳೆದುಹೋದ ಸ್ಕೂಟರ್

(ಸಾಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಧ್ವನಿಮುದ್ರಣ ಕೇಳಿ ಬರೆದುಕೊಂಡಿದ್ದು.)

ಮೊದಲು ಒಂದು ಸಣ್ಣ ಪರೀಕ್ಷೆ. ಯಾರೂ ಜೇಬಿಗೆ, ಪರ್ಸಿಗೆ ಕೈ ಹಾಕಬೇಡಿ. 50 ರೂಪಾಯಿಯ ಹೊಸ ನೋಟು ಇದೆಯಲ್ಲ, ನೀಲಿ ಬಣ್ಣದ್ದು, ಅದರ ಹಿಂದುಗಡೆ ಯಾವ ಚಿತ್ರ ಇದೆ? ಕೆಂಪುಕೋಟೆ ಅಂತ ಹಿಂದಿನಿಂದ ಯಾರೋ ಹೇಳಿದರು. ಅದು 500ರ ನೋಟು. ಸಾಂಚಿ ಸ್ತೂಪವಾ? ಅದು 200ರದ್ದು. 50ರ ನೋಟಿನ ಮೇಲಿರೋದು ಹಂಪಿಯ ಕಲ್ಲಿನ ರಥ. ನಮ್ಮದೇ ರಥ! ದಿನಾ ತರಕಾರಿಯವನಿಗೆ ಅದನ್ನೇ ಕೊಟ್ಟು ಬರುತ್ತೇವೆ.

ಇನ್ನೊಂದು ಕೇಳುತ್ತೇನೆ. ನೋಟಿನ ಹಿಂದೆ 15 ಭಾಷೆಗಳಲ್ಲಿ ಮೊತ್ತ ಬರೆದ ಪಟ್ಟಿ ಇರುತ್ತದೆ. ಕನ್ನಡ ಎಷ್ಟನೇ ಸಾಲು? ಒಬ್ಬರು ಕೊನೇದು ಅಂದರು, ಇನ್ನೊಬ್ಬರು ಮಧ್ಯದಲ್ಲೆಲ್ಲೋ ಅಂದರು. ನಾಲ್ಕನೇ ಸಾಲು. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದಾರೆ, ಅಸ್ಸಾಮಿ, ಬಂಗಾಳಿ, ಗುಜರಾತಿ, ಆಮೇಲೆ ಕನ್ನಡ.

ಬೇಜಾರು ಮಾಡಿಕೊಳ್ಳಬೇಡಿ. 1979ರಲ್ಲಿ ಅಮೆರಿಕದಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಜನರಿಗೆ ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬಿಡಿಸಲು ಹೇಳಿದರು. ಹುಟ್ಟಿದಾಗಿನಿಂದ ನೋಡಿದ ನಾಣ್ಯ. ಆದರೂ ಲಿಂಕನ್ನನ ಮುಖವನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಅನ್ನುವಲ್ಲೇ ಎಷ್ಟೋ ಜನ ಎಡವಿದರು. ನೋಡುವುದು ಬೇರೆ, ನೆನಪಲ್ಲಿ ಉಳಿಯುವುದು ಬೇರೆ. ಈ ಸಂಜೆಯ ಮಾತೆಲ್ಲ ಆ ಎರಡರ ನಡುವಿನ ಸಂದಿಯಲ್ಲೇ ಸುತ್ತುತ್ತದೆ.

ನನ್ನ ಕಥೆ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಕಣ್ಣಿನ ನೆನಪು ನನಗೆ ಚೆನ್ನಾಗಿದೆ ಅನ್ನುವ ಜಂಬ ಇತ್ತು. ನಿವೃತ್ತಿಯಾದ ಮೇಲೆ ಮಗಳು ಫೋನಿನಲ್ಲಿ ಒಂದು ಆಟ ತೋರಿಸಿದಳು. ನಿಮ್ಮಲ್ಲಿ ಕೆಲವರು ಆಡಿರಬಹುದು. ಪರದೆ ಮೇಲೆ ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಚೌಕ. ಕೆಲವು ಚೌಕ ಬೆಳ್ಳಗೆ ಮಿನುಗಿ ಮಾಯವಾಗುತ್ತವೆ. ಯಾವ್ಯಾವುದು ಅಂತ ನೀವು ಒತ್ತಬೇಕು. ಸರಿ ಒತ್ತಿದರೆ ಮುಂದಿನ ಹಂತಕ್ಕೆ ಹೋಗುತ್ತೀರಿ, ಮಿನುಗುವ ಚೌಕ ಜಾಸ್ತಿಯಾಗುತ್ತವೆ, ಪರದೆ ಮೇಲಿನ ಒಟ್ಟು ಚೌಕಗಳೂ ಜಾಸ್ತಿಯಾಗುತ್ತವೆ. ಮೊದಲ ವಾರ ಎಂಟನೇ ಹಂತದಲ್ಲೇ ಸಾಯುತ್ತಿದ್ದೆ. ಮಳೆಗಾಲ, ಹೊರಗೆ ಹೋಗುವ ಹಾಗಿಲ್ಲ, ಜಗುಲಿಯಲ್ಲಿ ಕೂತು ಅದನ್ನೇ ಒತ್ತುತ್ತಿದ್ದೆ. ಒಂದು ತಿಂಗಳಿಗೆ ಹದಿಮೂರಕ್ಕೆ ಬಂದೆ. ಮನೆಯವಳಿಗೆ ತೋರಿಸಿದೆ. ಅವಳು ‘ಅನ್ನ ಆರ್‍ತಾ ಇದೆ’ ಅಂದಳು.

ಅದೇ ವಾರ ಶಿವಮೊಗ್ಗಕ್ಕೆ ಹೋಗಿದ್ದೆ. ಸ್ಕೂಟರ್ ನಿಲ್ಲಿಸಿ ಗಾಂಧಿ ಬಜಾರಿನಲ್ಲಿ ಬ್ರಷ್ಷು, ಬಣ್ಣ ತೆಗೆದುಕೊಂಡು, ಕಾಫಿ ಕುಡಿದು ವಾಪಸ್ ಬಂದರೆ ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೆ ಅಂತ ಗೊತ್ತಾಗಲಿಲ್ಲ. ಮುಕ್ಕಾಲು ಗಂಟೆ ಅಲೆದೆ. ಪೊಲೀಸಿಗೆ ಹೇಳೋಣ ಅಂತ ಹೊರಟವನಿಗೆ ಅದು ದಾರಿಯಲ್ಲೇ ಸಿಕ್ಕಿತು. ಹದಿಮೂರನೇ ಹಂತದ ಮನುಷ್ಯ! ಹದಿನೈದು ಚೌಕ ನೆನಪಿಡುವವನಿಗೆ ಒಂದು ಸ್ಕೂಟರ್ ನೆನಪಿಡಲು ಆಗಲಿಲ್ಲ.

ಅವತ್ತಿಂದ ನನಗೆ ಹುಳ ಹತ್ತಿತು. ಆಟದಲ್ಲಿ ನಾನು ಬೆಳೆಸಿಕೊಂಡಿದ್ದು ಏನು? ಓದುತ್ತಾ ಹೋದೆ.

ಕಣ್ಣಿಗೆ ಬಿದ್ದದ್ದನ್ನು ಒಂದೆರಡು ಸೆಕೆಂಡು ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. ಬೊಗಸೆಯೂ ಅಲ್ಲ, ಅಂಗೈ ಅನ್ನಿ. 1997ರಲ್ಲಿ ಲಕ್ ಮತ್ತು ವೋಗೆಲ್ ಎಂಬುವರು ಅದನ್ನು ಅಳೆದರು. ಪರದೆ ಮೇಲೆ ಬಣ್ಣಬಣ್ಣದ ಚೌಕಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸುವುದು. ಸ್ವಲ್ಪ ತಡೆದು ಮತ್ತೆ ತೋರಿಸುವುದು. ಯಾವುದಾದರೂ ಬಣ್ಣ ಬದಲಾಗಿದೆಯಾ ಅಂತ ಕೇಳುವುದು. ಮೂರು ಚೌಕದವರೆಗೆ ಎಲ್ಲರೂ ಸಲೀಸಾಗಿ ಹೇಳಿದರು. ನಾಲ್ಕು ದಾಟುತ್ತಾ ಹೋದ ಹಾಗೆ ತಪ್ಪು ಏರಿತು. ಅಂಗೈಯಲ್ಲಿ ಹಿಡಿಸುವುದು ಸುಮಾರು ನಾಲ್ಕು. ನನ್ನದೂ ಅಷ್ಟೇ, ನಿಮ್ಮದೂ ಹೆಚ್ಚೂಕಡಿಮೆ ಅಷ್ಟೇ.

ಹಾಗಾದರೆ ನಾನು ಹದಿನೈದು ಚೌಕ ಹೇಗೆ ಹಿಡಿದೆ? ಒಂದು ದಿನ ನನ್ನನ್ನೇ ಗಮನಿಸಿದೆ. ನಾನು ಚೌಕ ನೋಡುತ್ತಲೇ ಇರಲಿಲ್ಲ. ಮೇಲೆ ಬಲಕ್ಕೆ ಮೂರು ಸೇರಿ ಒಂದು ಕತ್ತಿ, ಎಡಕ್ಕೆ ನಾಲ್ಕು ಸೇರಿ ಒಂದು ಮೆಟ್ಟಿಲು, ಕೆಳಗೆ ಒಂದು ಸಾಲು ಪೂರ್ತಿ, ಹೀಗೆ ನೋಡುತ್ತಿದ್ದೆ. ಹದಿನೈದು ಚೌಕ ನಾಲ್ಕು ಗಂಟಾಗಿದ್ದವು. ಅಂಗೈ ದೊಡ್ಡದಾಗಲಿಲ್ಲ, ನಾನು ಗಂಟು ಕಟ್ಟುವುದನ್ನು ಕಲಿತೆ ಅಷ್ಟೆ. ಆ ಗಂಟು ಆ ಚೌಕಗಳಿಗೆ ಮಾತ್ರ. ಸ್ಕೂಟರಿಗೆ ಅದರಿಂದ ಏನು ಉಪಯೋಗ?

ಚೆಸ್ ಆಡುವವರು ಯಾರಾದರೂ ಇದ್ದೀರಾ? ಒಬ್ಬ ಹುಡುಗ ಕೈ ಎತ್ತಿದ. ಸರಿ, ಕೇಳಪ್ಪ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬುವರು ಒಂದು ಪ್ರಯೋಗ ಮಾಡಿದರು. ನಿಜವಾದ ಆಟವೊಂದರ ನಡುವಿನ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿಬಿಟ್ಟರು. ಪಳಗಿದ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲಿ ಮತ್ತೆ ಇಟ್ಟ. ಹೊಸಬ ನಾಲ್ಕೈದು ಕಾಯಿ ಇಟ್ಟ. ಆಮೇಲೆ ಅದೇ ಕಾಯಿಗಳನ್ನು ಬೇಕಾಬಿಟ್ಟಿ ಹರಡಿ ತೋರಿಸಿದರು. ಪಳಗಿದವನೂ ಹೊಸಬನ ಮಟ್ಟಕ್ಕೇ ಇಳಿದ. ಅವನ ಕಣ್ಣಿನಲ್ಲಿ ಪವಾಡ ಇರಲಿಲ್ಲ. ಅವನಿಗೆ ಚೆಸ್ ಗೊತ್ತಿತ್ತು.

ಈಗ ಆ್ಯಪ್ ಮಾರುವವರ ವಿಷಯ. ದಿನಕ್ಕೆ ಹದಿನೈದು ನಿಮಿಷ ಆಡಿ, ಮಿದುಳು ಚುರುಕಾಗುತ್ತದೆ, ಮಕ್ಕಳಿಗೆ ಮಾರ್ಕ್ಸ್ ಬರುತ್ತದೆ ಅಂತ ಜಾಹೀರಾತು ನೋಡಿರುತ್ತೀರಿ. 2010ರಲ್ಲಿ ಬ್ರಿಟನ್ನಿನಲ್ಲಿ ಏಡ್ರಿಯನ್ ಓವೆನ್ ಮತ್ತು ಜೊತೆಯವರು ಬಿಬಿಸಿ ಸಹಾಯದಿಂದ ಇದನ್ನು ದೊಡ್ಡದಾಗಿಯೇ ಪರೀಕ್ಷೆ ಮಾಡಿದರು. 11,430 ಜನ, ಆರು ವಾರ, ಆನ್‌ಲೈನಿನಲ್ಲೇ ಆಟ. ಆಡಿದ ಆಟದಲ್ಲಿ ಎಲ್ಲರೂ ಸುಧಾರಿಸಿದರು. ಆಡದೇ ಇದ್ದ ಬೇರೆ ಪರೀಕ್ಷೆಗೆ ಆ ಸುಧಾರಣೆ ದಾಟಲಿಲ್ಲ, ಅದೇ ಥರದ ಪರೀಕ್ಷೆಗೂ ದಾಟಲಿಲ್ಲ. 2016ರ ಜನವರಿಯಲ್ಲಿ ಲುಮೋಸಿಟಿ ಎಂಬ ಆಟಗಳ ಕಂಪನಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡಿತು. ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಸಾಕಷ್ಟು ಆಧಾರ ಇಲ್ಲ ಅನ್ನೋದು ಆಯೋಗದ ತಕರಾರು. ಆದ್ದರಿಂದ ದುಡ್ಡು ಕೊಟ್ಟು ವರ್ಷದ ಚಂದಾ ಕಟ್ಟುವ ಮೊದಲು ಯೋಚನೆ ಮಾಡಿ. ಆ ದುಡ್ಡಿಗೆ ಒಂದು ಸ್ಕೆಚ್ ಬುಕ್, ಎರಡು ಪೆನ್ಸಿಲ್ ಬರುತ್ತದೆ. ಡ್ರಾಯಿಂಗ್ ಮೇಷ್ಟ್ರು ಇನ್ನೇನು ಹೇಳಿಯಾನು ಅಂತ ನಗುತ್ತಿದ್ದೀರಿ. ಇರಲಿ.

ಇಂಥ ಆಟಗಳಲ್ಲಿ ಒಂದಕ್ಕೆ ನಾನು ಮಂಗನ ಆಟ ಅಂತ ಹೆಸರಿಟ್ಟಿದ್ದೇನೆ. ಅದರ ಹಿಂದೆ ನಿಜವಾದ ಚಿಂಪಾಂಜಿ ಇದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಆಯುಮು ಎಂಬ ಮರಿ ಚಿಂಪಾಂಜಿಗೆ ಅಂಕಿ ಕಲಿಸಿದ್ದರು. ಪರದೆ ಮೇಲೆ ಅಲ್ಲಲ್ಲಿ ಅಂಕಿಗಳು ಮಿಂಚಿ ಬಿಳಿ ಚೌಕವಾಗುತ್ತವೆ. ಅದು ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ತಟ್ಟುತ್ತದೆ. ಅಂಕಿ ಕಾಣಿಸುವುದು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ಆದರೂ ತಟ್ಟುತ್ತದೆ. 2007ರಲ್ಲಿ ಇದು ಪ್ರಕಟವಾದಾಗ ಕಾಲೇಜು ಹುಡುಗರು ಅದರ ಮುಂದೆ ಸೋತರು ಅಂತ ದೊಡ್ಡ ಸುದ್ದಿ. ಆಮೇಲೆ ಬೇರೆಯವರು ಮನುಷ್ಯರಿಗೂ ಚೆನ್ನಾಗಿ ಅಭ್ಯಾಸ ಕೊಟ್ಟು ನೋಡಿದರು, ಅವರೂ ಆ ಮಟ್ಟ ಮುಟ್ಟಿದರು. ನಾನು ಮುಟ್ಟಿಲ್ಲ. ನಮ್ಮ ತೋಟಕ್ಕೆ ಬರುವ ಮಂಗಗಳನ್ನು ಈಗ ಸ್ವಲ್ಪ ಗೌರವದಿಂದ ನೋಡುತ್ತೇನೆ.

ಇಷ್ಟು ಹೊತ್ತು ಅಂಗೈ ಬಗ್ಗೆ ಮಾತಾಡಿದೆ. ಮನೆಯೊಳಗೆ ಕಣಜ ಇದೆಯಲ್ಲ, ಅಂದರೆ ಬಹಳ ಕಾಲ ಉಳಿಯುವ ನೆನಪು, ಅದರ ಬಗ್ಗೆ ಈ ಆಟಗಳು ಬಾಯಿ ಬಿಡುವುದೇ ಇಲ್ಲ. ಕೆನಡಾದ ಲಯೊನೆಲ್ ಸ್ಟ್ಯಾಂಡಿಂಗ್ 1973ರಲ್ಲಿ ಜನರಿಗೆ 10,000 ಚಿತ್ರ ತೋರಿಸಿದರು, ಕೆಲವು ದಿನಗಳಲ್ಲಿ ಹಂಚಿ, ಒಂದೊಂದು ಐದೈದು ಸೆಕೆಂಡು. ಆಮೇಲೆ ಎರಡೆರಡು ಚಿತ್ರ ಇಟ್ಟು, ಮೊದಲೇ ನೋಡಿದ್ದು ಯಾವುದು ಅಂತ ಕೇಳಿದರು. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಲ ಸರಿಯಾದ ಉತ್ತರ ಬಂತು. ಹತ್ತು ಸಾವಿರ ಚಿತ್ರ! ನಾಲ್ಕಕ್ಕಿಂತ ಹೆಚ್ಚು ಚೌಕ ಹಿಡಿಯಲಾಗದ ಅದೇ ತಲೆ.

ಇದು ನಮಗೆ ಹೊಸ ಸುದ್ದಿ ಏನಲ್ಲ. ನಮ್ಮಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಳೆ ಹಿಡಿದು, ಗುಡುಗಿ, ಎರಡು ದಿನ ಬಿಸಿಲು ಬಂದರೆ ಬುಟ್ಟಿ ಹಿಡಿದು ಹೊರಡುತ್ತಿದ್ದಳು. ಯಾವ ಹುತ್ತದ ಪಕ್ಕ ಅಣಬೆ ಏಳುತ್ತದೆ, ಯಾವ ಬಿದಿರು ಮೆಳೆಯ ಹಿಂದೆ, ಕಾಲುದಾರಿ ಬಿಟ್ಟು ಎಷ್ಟು ಹೆಜ್ಜೆ, ಎಲ್ಲ ಅವಳ ಕಣ್ಣಲ್ಲಿತ್ತು. ಗೆದ್ದಲು ಹುತ್ತದೊಳಗೆ ಸಾಕಿದ ಶಿಲೀಂಧ್ರವೇ ಅಣಬೆಯಾಗಿ ಮೇಲೆ ಬರುವುದರಿಂದ ಅದು ವರ್ಷ ವರ್ಷ ಅದೇ ಜಾಗದಲ್ಲಿ ಏಳುತ್ತದೆ. ಆ ಜಾಗಗಳನ್ನು ಅವಳು ಪಕ್ಕದ ಮನೆ ಅತ್ತಿಗೆಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ, ಅದು ಬೇರೆ ವಿಷಯ. ಇಲ್ಲಿ ಕೂತವರಲ್ಲಿ ಅಣಬೆ ಜಾಗ ಗೊತ್ತಿರುವವರು ಸುಮ್ಮನೆ ತಲೆ ತಗ್ಗಿಸಿದ್ದು ನನಗೆ ಕಾಣಿಸಿತು.

ಅಮ್ಮನಿಗೆ ಕಾಡೆಲ್ಲ ಒಂದೇ ಹಸಿರಾಗಿ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ವ್ಯತ್ಯಾಸ ಅಲ್ಲಿದೆ.

ಇನ್ನೊಂದು ಉದಾಹರಣೆ, ಇದರಲ್ಲಿ ನನ್ನದೇ ಕಣ್ಣು ಬದಲಾಗಿದ್ದು ಗೊತ್ತಾಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ತುಂಗಾ ನದಿ ನಡುವೆ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ, ನೋಡಿದ್ದೀರಿ. ಎಷ್ಟೋ ವರ್ಷ ನನಗೆ ಅಲ್ಲಿ ಇದ್ದದ್ದು ‘ಬಿಳಿ ಹಕ್ಕಿ’. ಮನೆಗೆ ಬಂದು ಬಿಡಿಸಲು ಕೂತರೆ ಕೊಕ್ಕಿನ ಬಣ್ಣವೇ ನೆನಪಾಗುತ್ತಿರಲಿಲ್ಲ. ಆಮೇಲೆ ಹಕ್ಕಿ ನೋಡುವ ಹವ್ಯಾಸದ ಹುಡುಗನೊಬ್ಬ ಎರಡೇ ಮಾತು ಹೇಳಿಕೊಟ್ಟ. ಚಿಕ್ಕ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ, ಚಪ್ಪಲಿ ಹಾಕಿದ ಹಾಗೆ. ದನದ ಹಿಂದೆ ಓಡಾಡುವ ಗೋವಕ್ಕಿಗೆ ಕೊಕ್ಕು ಹಳದಿ, ಕುತ್ತಿಗೆ ಗಿಡ್ಡ. ಅವತ್ತಿಂದ ಬಿಳಿ ಹಕ್ಕಿ ಅನ್ನುವುದು ನನಗೆ ಇಲ್ಲವೇ ಇಲ್ಲ. ಬಸ್ಸಿನ ಕಿಟಕಿಯಿಂದ ಒಂದು ಕ್ಷಣ ಕಂಡರೂ ಸಾಕು, ಸಂಜೆ ಕೂತು ಬಿಡಿಸುತ್ತೇನೆ. ಯಾವ ಆ್ಯಪೂ ಇಷ್ಟು ಬೇಗ ನನ್ನ ನೆನಪನ್ನು ಸುಧಾರಿಸಿರಲಿಲ್ಲ. ಎಲ್ಲಿ ನೋಡಬೇಕು ಅನ್ನುವುದು ಗೊತ್ತಾಯಿತು, ನೋಡಿದ್ದಕ್ಕೆ ಒಂದು ಹೆಸರು ಸಿಕ್ಕಿತು. ಅಷ್ಟೇ ಆಗಿದ್ದು.

ನಮ್ಮ ಸಾಗರದ ಸುತ್ತ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರನ್ನು ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಪೆನ್ಸಿಲ್ ಗುರುತು ಇಲ್ಲ, ಎದುರಿಗೆ ಮಾದರಿ ಇಲ್ಲ. ನಾನು ಸ್ಕೇಲು ಹಿಡಿದು ಹಾಕಿದರೂ ಅಷ್ಟು ನೇರ ಗೆರೆ ಬರುವುದಿಲ್ಲ. ಒಬ್ಬ ಅಜ್ಜಿಯನ್ನು ಕೇಳಿದೆ, ಅಮ್ಮಾ ಇಷ್ಟೆಲ್ಲ ಹೇಗೆ ನೆನಪಿಡ್ತೀರಿ ಅಂತ. ‘ನೆನಪಿಡೋದು ಎಂತದು, ಇದರ ಪಕ್ಕ ಅದೇ ಬರಬೇಕಲ್ಲ’ ಅಂದರು. ಚೆಸ್ ಪ್ರಯೋಗದವರು ಹತ್ತಾರು ಪುಟದಲ್ಲಿ ಬರೆದಿದ್ದನ್ನು ಅಜ್ಜಿ ಒಂದು ಸಾಲಿನಲ್ಲಿ ಹೇಳಿದರು ಅನ್ನಿಸಿತು.

ಈಗ ಅಭ್ಯಾಸಕ್ಕೆ ಬರೋಣ. ಕಣ್ಣು ಮುಚ್ಚಿ. ನಿಮ್ಮ ಹಳೇ ಮನೆ, ಅಜ್ಜನ ಮನೆ, ಯಾವುದಾದರೂ ಸರಿ, ದಣಪೆ, ಅಂದರೆ ಬೇಲಿಯ ಗೇಟು, ದಾಟಿ ಒಳಗೆ ಬನ್ನಿ. ಅಂಗಳ. ತುಳಸಿಕಟ್ಟೆ. ಜಗುಲಿ. ನಡುಮನೆ. ದೇವರ ಕೋಣೆ. ಅಡಿಗೆಮನೆ. ಬಚ್ಚಲು. ಕೊಟ್ಟಿಗೆ. ಎಂಟು ಒಂಬತ್ತು ಜಾಗ ಆಯಿತು, ನೆನಪಿಡಲು ಕಷ್ಟವೇ ಪಡಲಿಲ್ಲ, ಅಲ್ವಾ? ಈಗ ಮಳೆಗಾಲಕ್ಕೆ ಮೊದಲು ಪೇಟೆಯಿಂದ ತರಬೇಕಾದ ಸಾಮಾನು ಇಡುತ್ತಾ ಹೋಗೋಣ. ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮೈಲುತುತ್ತ ಬೇಕು. ದಣಪೆ ಮೇಲೆ ಒಂದು ನವಿಲು ಕೂತಿದೆ, ಮೈಯೆಲ್ಲ ಮೈಲುತುತ್ತದ ನೀಲಿ, ಮುಟ್ಟಿದರೆ ಕೈಗೆ ಹತ್ತುತ್ತದೆ. ಸುಣ್ಣ ಬೇಕು. ಅಂಗಳಪೂರ್ತಿ ಸುಣ್ಣ ಸುರಿದು ಬೆಳ್ಳಗಾಗಿದೆ, ಅಜ್ಜನ ಹೆಜ್ಜೆ ಮೂಡಿದೆ. ಟಾರ್ಪಾಲು ಬೇಕು. ತುಳಸಿಕಟ್ಟೆ ನೀಲಿ ಟಾರ್ಪಾಲು ಹೊದ್ದು ನಡುಗುತ್ತಿದೆ. ಟಾರ್ಚಿಗೆ ಸೆಲ್. ಜಗುಲಿಯಲ್ಲಿ ಅಜ್ಜ ಬೀಡಿ ಬದಲು ಸೆಲ್ಲನ್ನು ಕಿವಿ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದಾನೆ. ನಗು ಬಂತಲ್ಲ, ಬರಬೇಕು. ಚಿತ್ರ ಎಷ್ಟು ವಿಚಿತ್ರವೋ ಅಷ್ಟು ಗಟ್ಟಿಯಾಗಿ ಕೂರುತ್ತದೆ.

ಇದು ಗ್ರೀಕರ ಕಾಲದ ಉಪಾಯ. ಆದರೆ ಪರೀಕ್ಷೆಗೂ ನಿಂತಿದೆ. 2017ರಲ್ಲಿ ಮಾರ್ಟಿನ್ ಡ್ರೆಸ್ಲರ್ ತಂಡದವರು ಸಾಮಾನ್ಯ ಜನರಿಗೆ ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಇದನ್ನೇ ಕಲಿಸಿದರು, ಅದೂ ಆನ್‌ಲೈನಿನಲ್ಲಿ. 72 ಪದಗಳ ಪಟ್ಟಿಯಲ್ಲಿ ಮೊದಲು 26ರ ಆಸುಪಾಸು ನೆನಪಾಗುತ್ತಿದ್ದವು. ಕೊನೆಗೆ ಸರಾಸರಿ 62. ನಾಲ್ಕು ತಿಂಗಳು ಬಿಟ್ಟು ನೋಡಿದಾಗಲೂ ಲಾಭ ಉಳಿದಿತ್ತು. ನೋಡಿ, ಆನ್‌ಲೈನ್ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೌಕ ಒತ್ತುವ ಆಟ ಆ ಚೌಕಗಳಾಚೆಗೆ ಏನನ್ನೂ ಕಲಿಸುವುದಿಲ್ಲ, ಇದು ಒಂದು ಉಪಾಯ ಕಲಿಸುತ್ತದೆ.

ಕಣ್ಣು ಮುಚ್ಚಿದಾಗ ಏನೂ ಕಾಣಲಿಲ್ಲ, ಬರೀ ಕತ್ತಲೆ ಅಂತ ಇಲ್ಲಿ ಒಬ್ಬರು ಹೇಳುತ್ತಿದ್ದಾರೆ. ಗಾಬರಿ ಬೇಡ. ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೇ ಇಲ್ಲ. ಅದಕ್ಕೆ 2015ರಲ್ಲಿ ಆಡಮ್ ಝೀಮನ್ ಎಂಬ ವೈದ್ಯರು ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಅದು ಕಾಯಿಲೆ ಅಲ್ಲ. ನಿಮಗೆ ಚಿತ್ರ ಬೇಡ, ‘ದಣಪೆ ಹತ್ತಿರ ನವಿಲು’ ಅನ್ನುವ ಮಾತೇ ಸಾಕು.

ಮಕ್ಕಳಿಗೆ ನಾನು ಮಾಡಿಸುತ್ತಿದ್ದದ್ದು ಇನ್ನೂ ಸರಳ. ಹಲಸಿನ ಎಲೆ, ಹೂಜಿ, ಬೀಗ, ಏನಾದರೂ ಒಂದು ವಸ್ತುವನ್ನು ಒಂದು ನಿಮಿಷ ನೋಡುವುದು. ಬೆನ್ನು ಹಾಕಿ ಬಿಡಿಸುವುದು. ತಿರುಗಿ ಹೋಲಿಸುವುದು. ಮತ್ತೆ ಬಿಡಿಸುವುದು. ಮೊದಲ ಚಿತ್ರದಲ್ಲಿ ಬೀಗಕ್ಕೆ ತೂತೇ ಇರುವುದಿಲ್ಲ. ಎರಡನೇ ಸಲ ಮಗು ಹೋಗಿ ನೋಡುವುದು ಆ ತೂತನ್ನೇ. ಚಿತ್ರ ಚೆನ್ನಾಗಿರಬೇಕು ಅಂತೇನೂ ಇಲ್ಲ. ಕೆನಡಾದಲ್ಲಿ ವಾಮ್ಸ್ ಮತ್ತು ಜೊತೆಯವರು 2016ರಲ್ಲಿ ತೋರಿಸಿದ ಹಾಗೆ, ಒಂದು ಪದವನ್ನು ಬರೆದುಕೊಂಡವರಿಗಿಂತ ಅದರ ಚಿತ್ರ ಗೀಚಿದವರಿಗೆ ಜಾಸ್ತಿ ನೆನಪಿತ್ತು. ವಿಜ್ಞಾನದ ಚಿತ್ರ ಕಲಿಯುವ ಹತ್ತನೇ ಕ್ಲಾಸಿನವರು ಇದನ್ನು ಮಾಡಿ. ಹೃದಯದ ಚಿತ್ರವನ್ನು ಹತ್ತು ಸಲ ನೋಡಿ ಬರೆಯಬೇಡಿ. ಒಂದು ಸಲ ನೋಡಿ, ಪುಸ್ತಕ ಮುಚ್ಚಿ ಬಿಡಿಸಿ, ತಪ್ಪು ತಿದ್ದಿ, ಎರಡು ದಿನ ಬಿಟ್ಟು ಮತ್ತೆ ಮುಚ್ಚಿ ಬಿಡಿಸಿ.

ಫೋನೇ ಬೇಕು ಅನ್ನುವವರಿಗೆ, ನೆನಪಿಟ್ಟರೆ ಉಪಯೋಗಕ್ಕೆ ಬರುವಂಥದ್ದನ್ನು ಆಡಿ. ಸೆಟೆರಾ ಅಂತ ನಕ್ಷೆಯ ಆಟ ಇದೆ, ದೇಶ, ರಾಜ್ಯ, ನದಿ ಗುರುತಿಸುವುದು. ಇಬರ್ಡ್‌ನಲ್ಲಿ ಹಕ್ಕಿ ಫೋಟೊಗಳ ಕ್ವಿಜ್ ಇದೆ, ನಮ್ಮ ಊರಿನ ಹಕ್ಕಿಗಳನ್ನೇ ಕೇಳುತ್ತದೆ. ಲಿಚೆಸ್‌ನಲ್ಲಿ ಚೆಸ್ ಬಿಟ್ಟಿ. ಆಂಕಿ ಅನ್ನುವುದರಲ್ಲಿ ನೀವೇ ಫೋಟೊ ಹಾಕಿ ಕಾರ್ಡು ಮಾಡಿಕೊಂಡರೆ, ಮರೆಯುವ ಹೊತ್ತಿಗೆ ಸರಿಯಾಗಿ ಅದು ಮತ್ತೆ ಎದುರಿಗೆ ಬರುತ್ತದೆ.

ಸ್ಕೂಟರ್ ಏನಾಯಿತು ಅಂತ ಕೇಳುತ್ತಿದ್ದಾರೆ. ಈಗ ಸ್ಟ್ಯಾಂಡ್ ಹಾಕಿ ಹತ್ತು ಸೆಕೆಂಡು ತಿರುಗಿ ನಿಲ್ಲುತ್ತೇನೆ. ವಾಪಸ್ ಬರುವಾಗ ಯಾವ ಕಡೆಯಿಂದ ಬರುತ್ತೇನೋ ಆ ಕಡೆಯಿಂದ ಒಮ್ಮೆ ನೋಡುತ್ತೇನೆ. ಹೋಗುವಾಗ ಕಂಡ ರಸ್ತೆಯೇ ಬೇರೆ, ಬರುವಾಗ ಕಾಣುವ ರಸ್ತೆಯೇ ಬೇರೆ, ಕಾಡಿನಲ್ಲಿ ದಾರಿ ತಪ್ಪುವುದೂ ಇದಕ್ಕೇ. ಬದಿಯಲ್ಲಿ ಅಲ್ಲಾಡದ ಎರಡು ಗುರುತು ಹಿಡಿಯುತ್ತೇನೆ. ಒಂದು ಸಲ ನಿಂತಿದ್ದ ಲಾರಿಯನ್ನು ಗುರುತು ಮಾಡಿಕೊಂಡಿದ್ದೆ, ಅದರ ಕಥೆ ಬೇಡ.

ಎಪ್ಪತ್ತೆಂಟು ವರ್ಷದ ತಾಯಿಗೆ ಮರೆವು ಜಾಸ್ತಿಯಾಗಿದೆ, ಈ ಆಟ ಆಡಿಸಬಹುದಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಅವರಿಗೆ ಖುಷಿಯಾದರೆ ಆಡಿಸಿ. ಆದರೆ ಆಟ ಔಷಧಿ ಅಲ್ಲ. ಗೊತ್ತಿರುವ ದಾರಿಯಲ್ಲೇ ತಪ್ಪಿಸಿಕೊಳ್ಳುತ್ತಿದ್ದಾರೆ, ಒಲೆ ಆರಿಸುವುದು ಮರೆಯುತ್ತಿದ್ದಾರೆ ಅಂದರೆ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕಣ್ಣಿನ ಪೊರೆ, ಥೈರಾಯ್ಡ್, ಬಿ12 ಕೊರತೆ, ಇವೂ ಕಾರಣ ಇರಬಹುದು, ಇವಕ್ಕೆ ಚಿಕಿತ್ಸೆ ಇದೆ.

ಕೊನೇ ಚೀಟಿ. ‘ಸಾರ್, ನೀವು ಈಗಲೂ ಆ ಚೌಕದ ಆಟ ಆಡ್ತೀರಾ?’

ಆಡ್ತೀನಿ. ನಿನ್ನೆ ರಾತ್ರಿ ಕರೆಂಟು ಹೋಗಿತ್ತು, ಹೊದ್ದುಕೊಂಡು ಕೂತು ಆಡಿದೆ. ಹದಿನಾಲ್ಕರಲ್ಲಿ ಸತ್ತೆ.